ಅಂತರ್ಜಾಲ ಯುಗದಲ್ಲಿ ಅಚೌರ್ಯಾಣುವ್ರತ

ಶ್ರಾವಕನ ಐದು ಅಣುವ್ರತಗಳಲ್ಲಿ ಅಹಿಂಸೆಯ ಕುರಿತು ಪರ್ವದ ದಿನಗಳಲ್ಲಿ ಅನೇಕ ಪ್ರವಚನಗಳು ನಡೆಯುತ್ತವೆ. ಪರಿಗ್ರಹ ಪರಿಮಾಣದ ಕುರಿತೂ ನಡೆಯುತ್ತವೆ. ಅದನ್ನು ಕೇಳುವಾಗ ಸಭೆಯಲ್ಲಿ ಕುಳಿತವರು ತಮ್ಮ ಮನೆಯ ಕಪಾಟುಗಳನ್ನು ನೆನೆದು ಸ್ವಲ್ಪ ಸಂಕೋಚಪಡುವುದೂ ಉಂಟು. ಮೂರನೆಯದಾದ ಅಚೌರ್ಯದ ಸರದಿ ಬಂದಾಗ ಮಾತ್ರ ಎಲ್ಲರೂ ನಿರಾಳರಾಗುತ್ತಾರೆ. ಕನ್ನ ಕೊರೆಯುವವರು, ಜೇಬು ಕತ್ತರಿಸುವವರು ಈ ಸಭೆಯಲ್ಲಿ ಯಾರಿದ್ದಾರೆ? ವ್ಯಾಪಾರದಲ್ಲಿ ತೂಕ ಅಳತೆಗಳನ್ನು ಶುದ್ಧವಾಗಿಟ್ಟುಕೊಂಡರೆ ಈ ವ್ರತ ತಾನಾಗಿಯೇ ನಡೆದುಹೋಗುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಅದೇ ಸಭೆಯಲ್ಲಿ ಕುಳಿತವರ ಜೇಬಿನಲ್ಲಿ, ಕೈಚೀಲದಲ್ಲಿ ಒಂದೊಂದು ಮೊಬೈಲ್ ಇರುತ್ತದೆ. ಅಚೌರ್ಯದ ವಿಚಾರವನ್ನು ಇಂದು ಆರಂಭಿಸಬೇಕಾದದ್ದು ಆ ಪುಟ್ಟ ಯಂತ್ರದಿಂದಲೇ.

ಸೊಲ್ಲಾಪುರ, ಅಕ್ಕಲಕೋಟೆಗಳ ಮನೆಗಳಲ್ಲಿ ಸ್ತವನಗಳ ಕ್ಯಾಸೆಟ್ಟುಗಳು ಸುತ್ತುತ್ತಿದ್ದ ಕಾಲವನ್ನು ಹಿರಿಯರು ಮರೆತಿಲ್ಲ. ಒಂದು ಕ್ಯಾಸೆಟ್ಟಿನಿಂದ ಇನ್ನೊಂದನ್ನು ಮಾಡಿಕೊಳ್ಳಲು ಎರಡು ಬಾಗಿಲಿನ ಟೇಪ್ ರೆಕಾರ್ಡರ್ ಬೇಕಿತ್ತು, ಖಾಲಿ ಕ್ಯಾಸೆಟ್ಟಿಗೆ ಹಣ ಬೇಕಿತ್ತು, ಒಂದು ಗಂಟೆ ಕಾಯುವ ತಾಳ್ಮೆಯೂ ಬೇಕಿತ್ತು. ಪ್ರತಿಯಿಂದ ಪ್ರತಿಗೆ ಧ್ವನಿ ಮಸುಕಾಗುತ್ತಿತ್ತು. ಮುಂದೆ ಸಿಡಿ ಬಂದಿತು, ಪೆನ್ ಡ್ರೈವ್ ಬಂದಿತು, ಉಗುರಿನಷ್ಟು ಮೆಮೊರಿ ಕಾರ್ಡ್ ಬಂದಿತು. 1995ರ ಆಗಸ್ಟ್ 15ರಂದು ಭಾರತದ ಸಾರ್ವಜನಿಕರಿಗೆ ತೆರೆದ ಅಂತರ್ಜಾಲವು ಮೊದಲು ದೂರವಾಣಿಯ ತಂತಿಯಲ್ಲಿ ಗೊಣಗುತ್ತ ಬಂದಿತು. 2016ರ ನಂತರ ಅಗ್ಗದ ದರದಲ್ಲಿ ಹಳ್ಳಿಹಳ್ಳಿಯ ಅಂಗೈಗೂ ಇಳಿಯಿತು. ಹಿಂದಿನ ಜಾಲತಾಣಗಳು ಓದುವುದಕ್ಕಾಗಿ ಇದ್ದವು. ಇಂದಿನವು ಪ್ರತಿಯೊಬ್ಬನನ್ನೂ ಪ್ರಕಾಶಕನನ್ನಾಗಿ ಮಾಡಿವೆ. ಈ ಎಲ್ಲ ಬದಲಾವಣೆಗಳ ತಿರುಳು ಒಂದೇ: ಪ್ರತಿ ಮಾಡುವ ಕೆಲಸದಿಂದ ಶ್ರಮ, ಖರ್ಚು, ಸಮಯ ಮೂರೂ ಕಳಚಿಬಿದ್ದಿವೆ. ಬೆರಳು ಒತ್ತಿದರೆ ಪ್ರತಿ. ಅದು ಮೂಲದಷ್ಟೇ ಸ್ವಚ್ಛ.

ಶ್ರಮವಿಲ್ಲದ ಕಾರ್ಯಕ್ಕೆ ದೋಷವೂ ಇಲ್ಲವೆಂದು ಮನಸ್ಸು ಬಹುಬೇಗ ಒಪ್ಪಿಕೊಳ್ಳುತ್ತದೆ. ಮೊಬೈಲಿನಲ್ಲಿ ಹಣ ಕೊಡದೆ ದೊರೆತ ಚಲನಚಿತ್ರ, ಪ್ರಕಾಶಕರ ಅನುಮತಿಯಿಲ್ಲದೆ ಹರಡಿದ ಪುಸ್ತಕದ ಪಿಡಿಎಫ್, ಯಾರೋ ತೆಗೆದ ಛಾಯಾಚಿತ್ರ ಇವುಗಳ ಬಗೆಗೆ ಸಾಮಾನ್ಯವಾಗಿ ಕೇಳಿಬರುವ ಸಮಾಧಾನ ಇಷ್ಟೇ: ಅವರದೇನೂ ಕಳೆದುಹೋಗಲಿಲ್ಲವಲ್ಲ! ಚಿನ್ನದ ಸರ ಕದ್ದರೆ ಒಡೆಯನ ಕೊರಳು ಬರಿದಾಗುತ್ತದೆ. ಪುಸ್ತಕದ ಪ್ರತಿ ತೆಗೆದುಕೊಂಡರೆ ಒಡೆಯನ ಬಳಿ ಪುಸ್ತಕ ಇದ್ದೇ ಇರುತ್ತದೆ. ಹಾಗಾದರೆ ಕಳ್ಳತನ ಎಲ್ಲಿ?

ದಿಗಂಬರ ಶ್ವೇತಾಂಬರ ಎರಡೂ ಪರಂಪರೆಗಳು ಮಾನ್ಯ ಮಾಡುವ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಚೌರ್ಯದ ಲಕ್ಷಣವನ್ನು ಹೇಳಲಾಗಿದೆ. ಅಲ್ಲಿ ಒಡೆಯನಿಗೆ ಆಗುವ ನಷ್ಟದ ಮಾತೇ ಇಲ್ಲ. ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಚೌರ್ಯ. ಅಳತೆಗೋಲು ಕಳೆದುಕೊಂಡವನ ಕೈಯಲ್ಲಿಲ್ಲ, ತೆಗೆದುಕೊಂಡವನ ಭಾವದಲ್ಲಿದೆ. ಇದೇ ಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ವೃತ್ತಿಯನ್ನು ರಚಿಸಿದ ಕರ್ನಾಟಕದ ಪೂಜ್ಯಪಾದಾಚಾರ್ಯರು ಒಂದು ಸ್ವಾರಸ್ಯದ ಆಕ್ಷೇಪವನ್ನು ತಾವೇ ಎತ್ತುತ್ತಾರೆ. ಭಿಕ್ಷೆಗಾಗಿ ಊರೊಳಗೆ ಸಂಚರಿಸುವ ಮುನಿಯು ಬೀದಿಯನ್ನು, ಊರ ಬಾಗಿಲನ್ನು ಯಾರನ್ನೂ ಕೇಳದೆ ಪ್ರವೇಶಿಸುತ್ತಾನಲ್ಲ, ಅದೂ ಅದತ್ತಾದಾನವಲ್ಲವೇ? ಅಲ್ಲ, ಏಕೆಂದರೆ ಬೀದಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಮುಚ್ಚಿದ ಬಾಗಿಲನ್ನು ಮುನಿಯು ದಾಟುವುದಿಲ್ಲ ಎಂಬುದು ಅವರ ಸಮಾಧಾನದ ಸಾರ. ಒಂದೂವರೆ ಸಾವಿರ ವರ್ಷಗಳ ಹಿಂದಿನ ಈ ವಿವೇಚನೆ ಅಂತರ್ಜಾಲಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆಂದರೆ, ಹೊಸದಾಗಿ ಹೇಳಬೇಕಾದದ್ದು ಬಹಳ ಉಳಿಯುವುದಿಲ್ಲ. ಜಾಲದಲ್ಲಿಯೂ ಬೀದಿಗಳಿವೆ, ಬಾಗಿಲುಗಳಿವೆ. ತೊಡಕು ಇರುವುದು ಬೇರೆ ಕಡೆ: ಇಲ್ಲಿ ಮುಚ್ಚಿದ ಬಾಗಿಲೂ ತಳ್ಳಿದರೆ ಸದ್ದಿಲ್ಲದೆ ತೆರೆಯುತ್ತದೆ, ಒಳಹೊಕ್ಕವನಿಗೆ ಅದು ಬೀದಿಯಂತೆಯೇ ಕಾಣುತ್ತದೆ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಇಟ್ಟದ್ದು, ಬಿದ್ದದ್ದು, ಮರೆತದ್ದು, ಯಾವುದೇ ಆಗಲಿ, ಒಡೆಯನು ಕೊಡದ ಪರಸ್ವತ್ತನ್ನು ಶ್ರಾವಕನು ತಾನೂ ತೆಗೆದುಕೊಳ್ಳಬಾರದು, ಮತ್ತೊಬ್ಬರಿಗೂ ಕೊಡಬಾರದು ಎನ್ನುತ್ತದೆ. ಆ ಎರಡನೆಯ ಮಾತು ಗಮನಾರ್ಹ. ಗುಂಪಿನಿಂದ ಗುಂಪಿಗೆ ಸಂದೇಶ ಸಾಗಿಸುವವರು ಸಾಮಾನ್ಯವಾಗಿ ತಮ್ಮನ್ನು ಬರಿಯ ದಾರಿ ಎಂದು ಭಾವಿಸುತ್ತಾರೆ. ಮಾಡಿದ್ದು ಮಾತ್ರವಲ್ಲ, ಮಾಡಿಸಿದ್ದೂ ಒಪ್ಪಿದ್ದೂ ಕರ್ಮಬಂಧಕ್ಕೆ ಕಾರಣವೆನ್ನುವ ಧರ್ಮದಲ್ಲಿ ಬರಿಯ ದಾರಿಯಾಗಿರಲು ಅವಕಾಶವಿಲ್ಲ.

ಈ ಪ್ರಶ್ನೆ ಸೊಲ್ಲಾಪುರಕ್ಕೆ ಹೊಸದಲ್ಲ. ಮೊಬೈಲಿಗೆ ನೂರು ವರ್ಷ ಮೊದಲೇ ಈ ಊರಿನ ಒಬ್ಬ ಶ್ರಾವಕರ ಮುಂದೆ ಇದೇ ಪ್ರಶ್ನೆ, ಇದಕ್ಕಿಂತ ಕಠಿಣವಾದ ರೂಪದಲ್ಲಿ, ಬಂದು ನಿಂತಿತ್ತು. ಅವರು ಸೇಠ್ ಹಿರಾಚಂದ ನೇಮಚಂದ ದೋಶಿ. ಮುಂದೆ ವಿಮಾನ, ಹಡಗು, ಮೋಟಾರು ಕಾರುಗಳ ಉದ್ಯಮಗಳಿಂದ ಹೆಸರಾದ ವಾಲಚಂದ ಹಿರಾಚಂದರ ತಂದೆ. ಜಿನಾಗಮವನ್ನು ಅಚ್ಚು ಹಾಕಿಸುವುದೇ ಅವಿನಯವೆಂದು ಹಲವರು ವಿರೋಧಿಸುತ್ತಿದ್ದ ದಿನಗಳಲ್ಲಿ, 1880ರ ದಶಕದಲ್ಲಿ, ಸೊಲ್ಲಾಪುರದಿಂದ ಮರಾಠಿಯಲ್ಲಿ ‘ಜೈನ ಬೋಧಕ’ ಪತ್ರಿಕೆಯನ್ನು ಆರಂಭಿಸಿದವರು ಅವರು. ಹೊಸ ಯಂತ್ರಕ್ಕೆ ಹೆದರುವ ಮನೆತನವಂತೂ ಅದಲ್ಲ.

ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆ, ಕಷಾಯಪಾಹುಡದ ಜಯಧವಲಾ ಟೀಕೆ, ಮಹಾಧವಲವೆಂದು ಹೆಸರಾದ ಮಹಾಬಂಧ, ಈ ಸಿದ್ಧಾಂತ ಗ್ರಂಥಗಳು ಹಲವು ಶತಮಾನಗಳ ಕಾಲ ತುಳುನಾಡಿನ ಮೂಡುಬಿದಿರೆಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಮಾತ್ರ ಉಳಿದಿದ್ದವು. ಯಾತ್ರಿಕರು ಅವುಗಳ ದರ್ಶನ ಪಡೆದು ಕೈಮುಗಿದು ಹಿಂದಿರುಗುತ್ತಿದ್ದರು. 1883ರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದರು ಯಾತ್ರೆಗೆ ಹೋದಾಗ ಗರಿಗಳು ಜೀರ್ಣವಾಗುತ್ತಿರುವುದನ್ನು ಕಂಡು ಕಳವಳಗೊಂಡರು. ತಮ್ಮ ಮಿತ್ರರಾದ ಹಿರಾಚಂದರಿಗೆ ಪತ್ರ ಬರೆದರು. ಮರುವರ್ಷ ಹಿರಾಚಂದರು ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳನ್ನು ಜೊತೆಗೆ ಕರೆದುಕೊಂಡು ಮೂಡುಬಿದಿರೆಗೆ ಹೋದರು. ಗ್ರಂಥಗಳು ಹುಳಕ್ಕೆ ಆಹುತಿಯಾಗುವ ಮೊದಲು ಪ್ರತಿಯಾಗಬೇಕೆಂಬ ಸಂಕಲ್ಪ ಅಲ್ಲಿ ಹುಟ್ಟಿತು. ಹಣ ಕೂಡಿಸಲು, ಅಲ್ಲಿಯ ಪಂಚರನ್ನೂ ಭಟ್ಟಾರಕರನ್ನೂ ಒಪ್ಪಿಸಲು ಹತ್ತಕ್ಕೂ ಹೆಚ್ಚು ವರ್ಷಗಳು ಹಿಡಿದವು. 1896ರಲ್ಲಿ ಬ್ರಹ್ಮಸೂರಿ ಶಾಸ್ತ್ರಿ ಮತ್ತು ಮಿರಜಿನ ಗಜಪತಿ ಶಾಸ್ತ್ರಿಗಳಿಂದ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಬ್ರಹ್ಮಸೂರಿ ಶಾಸ್ತ್ರಿಗಳು ನಡುವೆಯೇ ತೀರಿಕೊಂಡರು. ಗಜಪತಿ ಶಾಸ್ತ್ರಿಗಳು ಬರೆದರು, ಬರೆಯುತ್ತಲೇ ಇದ್ದರು. ಎಲ್ಲ ಗ್ರಂಥಗಳ ಪ್ರತಿಗಳು ಪೂರ್ಣವಾದದ್ದು 1922ರಲ್ಲಿ, ಅಂದರೆ 26 ವರ್ಷಗಳ ನಂತರ. ಇಂದು ಒಂದು ಮೊಬೈಲ್ ಅಷ್ಟೂ ಗರಿಗಳ ಚಿತ್ರವನ್ನು ಕೆಲವು ದಿನಗಳಲ್ಲಿ ತೆಗೆದೀತು.

ಆದರೆ ಆ ಒಪ್ಪಿಗೆಗೆ ಒಂದು ಕಟ್ಟು ಇತ್ತು. ಪ್ರತಿಗಳು ಮೂಡುಬಿದಿರೆಯಿಂದ ಹೊರಗೆ ಹೋಗಕೂಡದು. ಹಿರಾಚಂದರು ಅದಕ್ಕೆ ಮಾತು ಕೊಟ್ಟಿದ್ದರು.

ಇತ್ತ ಗಜಪತಿ ಶಾಸ್ತ್ರಿಗಳು ಹಗಲು ಬರೆದ ಭಾಗವನ್ನು ಗುಪ್ತವಾಗಿ ಮತ್ತೊಮ್ಮೆ ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡಿದ್ದರು. ಈ ಕೆಲಸದಲ್ಲಿ ಅವರ ವಿದುಷಿ ಪತ್ನಿ ಲಕ್ಷ್ಮೀಬಾಯಿಯವರ ಪಾಲು ದೊಡ್ಡದು. ಆ ಪ್ರತಿಯನ್ನು ಹೊತ್ತುಕೊಂಡು ಅವರು ಮೊದಲು ಬಂದದ್ದು ಸೊಲ್ಲಾಪುರಕ್ಕೆ, ಹಿರಾಚಂದರ ಬಳಿಗೆ. ತಕ್ಕ ಕಾಣಿಕೆ ಕೊಟ್ಟು ಇಟ್ಟುಕೊಳ್ಳಬೇಕೆಂದು ಕೇಳಿದರು. ಆ ಗ್ರಂಥಗಳ ಪ್ರಚಾರಕ್ಕಾಗಿ ಆಯುಷ್ಯದ ಬಹುಭಾಗವನ್ನು ಸವೆಸಿದ್ದ ಮನುಷ್ಯನ ಮನೆಯ ಬಾಗಿಲಿಗೆ ಗ್ರಂಥವೇ ಬಂದು ನಿಂತಿತ್ತು. ಹಿರಾಚಂದರು ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಬಾರದೆಂದು ಮಾಣಿಕಚಂದರಿಗೂ ಬರೆದು ತಿಳಿಸಿದರು. ಧವಲಾ ಗ್ರಂಥದ ಸಂಪಾದಕರಾದ ಡಾ. ಹೀರಾಲಾಲ ಜೈನರು ತಮ್ಮ ಪ್ರಸ್ತಾವನೆಯಲ್ಲಿ ಈ ಪ್ರಸಂಗವನ್ನು ದಾಖಲಿಸಿ, ಕೊಟ್ಟ ಮಾತಿಗೆ ಕಟ್ಟುಬಿದ್ದೇ ಅವರು ಹೀಗೆ ನಡೆದಿರಬೇಕೆಂದು ಊಹಿಸಿದ್ದಾರೆ. ಚೋರನು ತಂದದ್ದನ್ನು ಸ್ವೀಕರಿಸುವುದು ಅಚೌರ್ಯವ್ರತದ ಐದು ಅತಿಚಾರಗಳಲ್ಲಿ ಒಂದು ಎಂಬುದನ್ನು ಆ ಸೇಠರಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ.

ಕಥೆ ಇಲ್ಲಿಗೆ ನಿಂತಿದ್ದರೆ ಅದೊಂದು ಸುಲಭವಾದ ನೀತಿಕಥೆಯಾಗುತ್ತಿತ್ತು. ಅದು ನಿಲ್ಲಲಿಲ್ಲ. ಗಜಪತಿ ಶಾಸ್ತ್ರಿಗಳು ಉತ್ತರಕ್ಕೆ ಹೋಗಿ ಸಹಾರನಪುರದ ಲಾಲಾ ಜಂಬೂಪ್ರಸಾದರಿಗೆ ಆ ಪ್ರತಿಯನ್ನು ಒಪ್ಪಿಸಿದರು. ಅಲ್ಲಿ ಅದನ್ನು ಕನ್ನಡದಿಂದ ನಾಗರಿಗೆ ಇಳಿಸುವಾಗ ಲಿಪಿಕಾರರಾಗಿದ್ದ ಪಂಡಿತ ಸೀತಾರಾಮ ಶಾಸ್ತ್ರಿಗಳು ತಾವೂ ಒಂದು ಪ್ರತಿಯನ್ನು ಗುಟ್ಟಾಗಿ ಉಳಿಸಿಕೊಂಡರು. ಆ ಎರಡನೆಯ ಗುಟ್ಟಿನ ಪ್ರತಿಯಿಂದ ನಕಲುಗಳು ಊರೂರಿಗೆ ಹರಡಿದವು. 1939ರಲ್ಲಿ ಅಮರಾವತಿಯಿಂದ ಧವಲಾದ ಮೊದಲ ಸಂಪುಟ ಅಚ್ಚಾದದ್ದು ಇಂತಹ ನಕಲುಗಳ ಆಧಾರದಿಂದಲೇ. ಅಂದರೆ ಇಂದು ಸಿದ್ಧಾಂತ ಗ್ರಂಥವನ್ನು ಓದುವ ಪ್ರತಿಯೊಬ್ಬನೂ ಮಾತು ಮುರಿದ ಇಬ್ಬರು ಲಿಪಿಕಾರರಿಗೆ ಋಣಿ. ಮಾತು ಉಳಿಸಿಕೊಂಡ ಸೊಲ್ಲಾಪುರದ ಸೇಠರಿಂದ ಒಂದು ಹಾಳೆಯೂ ಹೊರಗೆ ಹೋಗಲಿಲ್ಲ.

ಈ ಗಂಟನ್ನು ಬಿಡಿಸದೆ ಮುಂದೆ ಸಾಗುವುದು ಅಪ್ರಾಮಾಣಿಕತೆ. ಪುಸ್ತಕಗಳನ್ನು ಅನುಮತಿಯಿಲ್ಲದೆ ಜಾಲಕ್ಕೆ ಏರಿಸುವ ಇಂದಿನ ಯುವಕರು ಗಜಪತಿ ಶಾಸ್ತ್ರಿಗಳನ್ನೇ ತಮ್ಮ ಸಾಕ್ಷಿಯಾಗಿ ಕರೆಯಬಹುದು. ಫಲ ಒಳ್ಳೆಯದಾಯಿತಲ್ಲ ಎನ್ನಬಹುದು. ಫಲ ಒಳ್ಳೆಯದಾದದ್ದು ನಿಜ. ಗಜಪತಿ ದಂಪತಿಗಳ ಮನಸ್ಸಿನಲ್ಲಿ ಜಿನವಾಣಿಯ ಮೇಲಿನ ಪ್ರೀತಿಯೂ ಇದ್ದಿರಬೇಕು. ಹದಿನಾರು ವರ್ಷಗಳ ಕಾಲ ಒಂದೊಂದು ಸಾಲನ್ನು ಎರಡೆರಡು ಬಾರಿ ಬರೆಯುವುದು ಹಣದ ಆಸೆಯೊಂದರಿಂದಲೇ ಸಾಧ್ಯವಾಗುವ ಕೆಲಸವಲ್ಲ. ಆದರೆ ಫಲದ ಒಳ್ಳೆಯತನವು ಕೊಡದಿದ್ದುದನ್ನು ಕೊಟ್ಟದ್ದಾಗಿ ಮಾರ್ಪಡಿಸುವುದಿಲ್ಲ. ಇನ್ನೊಂದು ಮಾತನ್ನೂ ಹೇಳಬೇಕು. ದೋಷದ ಪಾಲು ಗುಟ್ಟಾಗಿ ಬರೆದವರದಷ್ಟೇ ಅಲ್ಲ. ಆಹಾರ, ಔಷಧ, ಅಭಯಗಳ ಜೊತೆ ಶಾಸ್ತ್ರವನ್ನೂ ದಾನವೆಂದು ಎಣಿಸುವ ಸಮಾಜದಲ್ಲಿ ಗ್ರಂಥಕ್ಕೆ ಬೀಗ ಹಾಕುವುದು ಸಣ್ಣ ವಿಷಯವಲ್ಲ. ಆ ಪಂಚರು ದುರಾಶೆಯಿಂದ ಬೀಗ ಹಾಕಿರಲಿಲ್ಲ. ಶತಮಾನಗಳ ಕಾಲ ಕಾಪಾಡಿದವರು ಅವರೇ. ತಮ್ಮ ಊರಿನ ನಿಧಿ ಕೈತಪ್ಪೀತೆಂಬ ಭಯ ಸಹಜವಾದದ್ದೇ. ಆದರೂ ಕೊಡಬೇಕಾದವರು ಕೊಡದಿದ್ದಾಗ, ಪಡೆಯಬೇಕಾದವರ ಮುಂದೆ ಎರಡೇ ದಾರಿಗಳು ಉಳಿಯುತ್ತವೆ, ಕಾಯುವುದು ಅಥವಾ ಕದಿಯುವುದು. ಹಿರಾಚಂದರು ಕಾಯುವ ದಾರಿ ಹಿಡಿದರು.

ಆ ಕಾಯುವಿಕೆಯೂ ವ್ಯರ್ಥವಾಗಲಿಲ್ಲವೆಂಬುದಕ್ಕೆ ಮುಂದಿನ ಸಂಗತಿ ಸಾಕ್ಷಿ. ಗುಟ್ಟಿನ ನಕಲುಗಳಲ್ಲಿ ತಪ್ಪುಗಳು ತುಂಬಿದ್ದವು. ಗ್ರಂಥ ಅಚ್ಚಾಗಿ ಲೋಕಕ್ಕೆ ತಿಳಿದ ನಂತರ ಮೂಡುಬಿದಿರೆಯ ಭಟ್ಟಾರಕರೂ ಪಂಚರೂ ಮನಸ್ಸು ತೆರೆದು, ತಾಳೆಗರಿಗಳೊಡನೆ ಪಾಠ ಹೋಲಿಸಲು ತಾವಾಗಿಯೇ ನೆರವು ನೀಡಿದರು. ನಕಲುಗಳಲ್ಲಿ ಒಂದು ಮುಖ್ಯ ಸೂತ್ರದಿಂದ ಬಿಟ್ಟುಹೋಗಿದ್ದ ಪದವೊಂದು ಗರಿಯಲ್ಲಿ ದೊರೆಯಿತು. ಅದಿರಬೇಕೆಂದು ಸಂಪಾದಕರು ಮೊದಲೇ ಊಹಿಸಿದ್ದರು, ಆದರೆ ಆಧಾರವಿರಲಿಲ್ಲ. ಶುದ್ಧವಾದ ಪಾಠ ಸಿಕ್ಕಿದ್ದು ಕೊಟ್ಟ ಪ್ರತಿಯಿಂದ.

ಈಗ ಮೊಬೈಲಿಗೆ ಹಿಂದಿರುಗಬಹುದು. ಸಾವಿರ ವರ್ಷಗಳ ಹಿಂದಿನ ಮೂಲ ಗ್ರಂಥದ ಮೇಲೆ ಯಾರ ಹಕ್ಕೂ ಇಲ್ಲ, ಅದು ಬೀದಿ. ಅದನ್ನು ಶೋಧಿಸಿ, ಅನುವಾದಿಸಿ, ಪ್ರಸ್ತಾವನೆ ಬರೆದ ವಿದ್ವಾಂಸನ ಶ್ರಮ ಬೇರೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕನ ಹಕ್ಕು ಆತನ ನಿಧನದ ನಂತರ 60 ವರ್ಷ ಇರುತ್ತದೆ. 1992ಕ್ಕೆ ಮೊದಲು ಅದು 50 ವರ್ಷವಿತ್ತು. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿ, ಕೊಲ್ಹಾಪುರದಲ್ಲಿ ಪ್ರಾಧ್ಯಾಪಕರಾಗಿದ್ದು, ಸೊಲ್ಲಾಪುರದ ಗ್ರಂಥಮಾಲೆಗೆ ದುಡಿದ ಡಾ. ಆ. ನೇ. ಉಪಾಧ್ಯೆಯವರು ನಿಧನರಾದದ್ದು 1975ರಲ್ಲಿ. ಆದ್ದರಿಂದ ಅವರ ಸ್ವಂತ ಬರಹಗಳ ಹಕ್ಕು 2035ರ ಕೊನೆಯವರೆಗೆ ಜೀವಂತ. ಕಾಯ್ದೆ ಹೇಳುವುದು ಇಷ್ಟೇ. ವ್ರತವು ಕಾಯ್ದೆಯ ಅವಧಿ ಮುಗಿಯುವುದನ್ನು ಕಾಯುತ್ತ ಕುಳಿತುಕೊಳ್ಳುವುದಿಲ್ಲ. ಕೊಟ್ಟರೇ, ಕೊಡಲಿಲ್ಲವೇ ಎಂದು ಕೇಳುತ್ತದೆ. ಹಬ್ಬದ ಆಮಂತ್ರಣ ಪತ್ರಿಕೆಗೆ, ಫಲಕಕ್ಕೆ, ಇಂತಹ ಸ್ಮರಣಿಕೆಗಳ ಮುಖಪುಟಕ್ಕೂ ಜಾಲದಿಂದ ಯಾರದೋ ಚಿತ್ರವನ್ನು ಎತ್ತಿಕೊಳ್ಳುವ ರೂಢಿ ಇದೆಯೆಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಪುಸ್ತಕ, ಚಿತ್ರ, ಹಾಡುಗಳ ಮಾತು ಒಂದು ಬಗೆ. ಮನುಷ್ಯರೇ ಪ್ರತಿಯಾಗುವ ಮಾತು ಇನ್ನೂ ಸೂಕ್ಷ್ಮವಾದದ್ದು. ಅಕ್ಕಲಕೋಟೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ವೃದ್ಧೆಯೊಬ್ಬರು ಗುರುಗಳ ಅನುಮತಿ ಪಡೆದು ಸಲ್ಲೇಖನೆಯ ನಿಯಮದಲ್ಲಿದ್ದಾರೆ. ಮಾತು ಕನ್ನಡ, ಸೊಲ್ಲಾಪುರದಲ್ಲಿರುವ ಮಗಳ ಮಕ್ಕಳು ಮರಾಠಿಯಲ್ಲಿ ಮಾತನಾಡುತ್ತಾರೆ, ಸೊಸೆಯ ತವರು ಗುಜರಾತಿ. ದೂರದ ಊರುಗಳಲ್ಲಿರುವ ಬಂಧುಗಳಿಗೆ ದರ್ಶನವಾಗಲೆಂದು ಮೊಮ್ಮಗ ಮೊಬೈಲ್ ಹಿಡಿದು ನಿಂತಾಗ ಆ ಅಜ್ಜಿ ಕ್ಷೀಣ ಸ್ವರದಲ್ಲಿ ಹೇಳುತ್ತಾರೆ: “ಇದು ಮನಿಯವ್ರಿಗಷ್ಟ ಇರ್ಲಿ, ತಮ್ಮಾ.” ಮೊಮ್ಮಗ ಒಪ್ಪಿ, ಮನೆಯ ಗುಂಪಿಗೆ ಮಾತ್ರ ಕಳಿಸುತ್ತಾನೆ. ಭಕ್ತಿಯಿಂದಲೇ ಒಬ್ಬರು ಅದನ್ನು ಸಮಾಜದ ಗುಂಪಿಗೆ ಹಾಕುತ್ತಾರೆ. ಅಲ್ಲಿಂದ ಇನ್ನೊಬ್ಬರು, ಅನುಮೋದನೆಯ ಪುಣ್ಯ ಎಲ್ಲರಿಗೂ ದೊರೆಯಲೆಂದು. ಮರುದಿನ ಆ ಮುಖವು ಯಾವುದೋ ಅಪರಿಚಿತ ಪುಟದಲ್ಲಿ, ಸಂಗೀತ ಸೇರಿಸಿ, ಕೆಳಗೆ ವಾದವಿವಾದಗಳ ಸಾಲಿನೊಂದಿಗೆ ತೋರುತ್ತದೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಂಥಾರಾವನ್ನು ಅಪರಾಧವೆಂದು ಪರಿಗಣಿಸಿ ಆದೇಶ ನೀಡಿದ್ದನ್ನೂ, ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿದ್ದನ್ನೂ ಬಲ್ಲವರಿಗೆ ಇಂತಹ ವಾದವಿವಾದ ಎಷ್ಟು ಕಠೋರವಾಗಬಲ್ಲುದೆಂದು ಹೇಳಬೇಕಾಗಿಲ್ಲ. ದೇಹದ ಮಮತೆಯನ್ನೇ ಬಿಡಲು ಹೊರಟ ಜೀವವೊಂದು ತನ್ನ ಕೊನೆಯ ದಿನಗಳಲ್ಲಿ ಪ್ರದರ್ಶನದ ವಸ್ತುವಾಯಿತು.

ಇಲ್ಲಿ ಕಳ್ಳ ಯಾರು? ಸರಪಳಿಯಲ್ಲಿದ್ದ ಒಬ್ಬೊಬ್ಬರನ್ನೂ ಕೇಳಿದರೆ ತಮಗಿದು ಕೊಟ್ಟದ್ದೇ ಎನ್ನುತ್ತಾರೆ, ಹಿಂದಿನವರು ಕಳಿಸಿದ್ದರಲ್ಲ! ಆದರೆ ಹಿಂದಿನವರು ಅದರ ಒಡೆಯರಾಗಿರಲಿಲ್ಲ. ಅಜ್ಜಿ ಕೊಟ್ಟದ್ದು ಮನೆಯವರಿಗೆ. ಗಜಪತಿ ಶಾಸ್ತ್ರಿಗಳಿಂದ ಸೀತಾರಾಮ ಶಾಸ್ತ್ರಿಗಳಿಗೆ, ಅವರಿಂದ ಊರೂರಿಗೆ ಹರಿದ ನಕಲಿನ ಹಾದಿಯೇ ಇದು. ವ್ಯತ್ಯಾಸವೆಂದರೆ ಅಲ್ಲಿ ಹರಿದದ್ದು ಜಿನವಾಣಿ, ಇಲ್ಲಿ ಒಬ್ಬ ತಾಯಿಯ ಮುಖ; ಅಲ್ಲಿ ಒಂದು ಹೆಜ್ಜೆಗೆ ಹಲವು ವರ್ಷಗಳು ಹಿಡಿದವು, ಇಲ್ಲಿ ಒಂದು ರಾತ್ರಿ ಸಾಕಾಯಿತು. ಪ್ರತಿಯ ಜೊತೆಗೆ ಪ್ರಸಾರವಾಗದೆ ಉಳಿದದ್ದು ಒಂದೇ, ಆ ಅಜ್ಜಿಯ ಷರತ್ತು. ಇಂದಿನ ಯಂತ್ರಗಳು ಚಿತ್ರವನ್ನೂ ಧ್ವನಿಯನ್ನೂ ಯಥಾವತ್ತಾಗಿ ಸಾಗಿಸುತ್ತವೆ. ಕೊಡುವಾಗ ಆಡಿದ ಮಾತನ್ನು ಸಾಗಿಸುವ ಏರ್ಪಾಡು ಅವುಗಳಲ್ಲಿಲ್ಲ. ಅದನ್ನು ಹೊರಬೇಕಾದವನು ಮನುಷ್ಯನೇ.

ಹೊರದಿದ್ದಾಗ ಆಗುವ ಹಿಂಸೆ ಕೆಲವೊಮ್ಮೆ ಬರಿಯ ಮನೋವ್ಯಥೆಯಲ್ಲ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರೈನಪಾಡಾ ಗ್ರಾಮದಲ್ಲಿ ಭಿಕ್ಷಾಟನೆಗೆ ಹೋಗಿದ್ದ ನಾಥಪಂಥೀ ದವರಿ ಗೋಸಾವಿ ಸಮುದಾಯದ ಐವರನ್ನು ಜನರು ಹೊಡೆದು ಕೊಂದರು. ಅವರಲ್ಲಿ ಹೆಚ್ಚಿನವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನವರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸಂದೇಶ ಅದಕ್ಕೆ ಮೊದಲು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತ್ತು. ಅದನ್ನು ಮುಂದಕ್ಕೆ ಕಳಿಸಿದವರಲ್ಲಿ ಬಹಳ ಮಂದಿ ಕೊಲೆಗಾರರಲ್ಲ, ಎಚ್ಚರಿಕೆ ಹೇಳಲು ಹೊರಟ ಸಾಮಾನ್ಯ ತಂದೆತಾಯಿಗಳು. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. ಶ್ರಾವಕನು ತನಗೆ ತಾನೇ ಹಾಕಿಕೊಳ್ಳಬೇಕಾಗಿದ್ದ ಪರಿಮಾಣವನ್ನು ಒಂದು ಕಂಪನಿ ಹಾಕಿತು. ಬೇರೆಯವರ ಮಾತನ್ನು ಪರೀಕ್ಷಿಸದೆ ಮುಂದೆ ಸಾಗಿಸುವುದು ಚೌರ್ಯವೋ ಅಸತ್ಯವೋ ಹಿಂಸೆಯೋ ಎಂದು ವಿಂಗಡಿಸುವುದು ಇಲ್ಲಿ ಅಷ್ಟು ಮುಖ್ಯವಲ್ಲ. ಪ್ರಮಾದಯೋಗ, ಅಂದರೆ ಎಚ್ಚರತಪ್ಪಿದ ಪ್ರವೃತ್ತಿ, ಮೂರರ ಬೇರಿನಲ್ಲಿಯೂ ಇದೆ ಎಂದು ಆಚಾರ್ಯರು ಹೇಳಿದ್ದಾರೆ.

ಕೊಡದಿದ್ದುದನ್ನು ತೆಗೆದುಕೊಳ್ಳುವವರು ಮೊಬೈಲಿನ ಆಚೆಗೂ ಇದ್ದಾರೆ. ಹೊಸ ಉಪಕರಣವನ್ನು ತಂದ ದಿನ ಹತ್ತಾರು ಪುಟಗಳ ಕರಾರನ್ನು ಓದದೆ ‘ಒಪ್ಪಿದೆ’ ಎಂದು ಒತ್ತಿದವನಿಂದ ಅವನ ಓಡಾಟ, ಖರೀದಿ, ಬಂಧುಗಳ ದೂರವಾಣಿ ಸಂಖ್ಯೆ ಎಲ್ಲವೂ ಹೊರಟುಹೋಗುತ್ತವೆ. ತಿಳಿಯದೆ ಕೊಟ್ಟದ್ದು ಕೊಟ್ಟದ್ದೇ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಒಪ್ಪಿಗೆಯು ಮುಕ್ತವಾಗಿ, ತಿಳಿದು, ನಿರ್ದಿಷ್ಟ ಉದ್ದೇಶಕ್ಕೆ ನೀಡಿದ್ದಾಗಿರಬೇಕೆಂದು ಹೇಳುತ್ತದೆ. ದಾನದ ಲಕ್ಷಣವನ್ನು ಬಲ್ಲವರಿಗೆ ಇದು ಪರಿಚಿತವೆನಿಸುತ್ತದೆ. ಹಾಗೆಯೇ ನಕಲಿ ವಸ್ತುವನ್ನು ಅಸಲಿಯೆಂದು ನಡೆಸುವ ಪ್ರತಿರೂಪಕ ವ್ಯವಹಾರವೂ ಅಚೌರ್ಯದ ಅತಿಚಾರಗಳಲ್ಲಿ ಒಂದು. ಬೇರೆಲ್ಲೋ ನೇಯ್ದ ಚಾದರಕ್ಕೆ ಸೊಲ್ಲಾಪುರದ ಹೆಸರನ್ನು ಅಂಟಿಸಿ ಮಾರುವಾಗ ಈ ಊರಿನ ನೇಕಾರನಿಗೆ ಆಗುವ ನೋವು ಇಲ್ಲಿಯ ವ್ಯಾಪಾರಿಗಳಿಗೆ ಗೊತ್ತು. ಭೌಗೋಳಿಕ ಗುರುತಿನ ರಕ್ಷಣೆಯನ್ನು ಈ ಚಾದರ ಪಡೆಯಬೇಕಾಗಿ ಬಂದದ್ದೇ ಆ ಕಾರಣಕ್ಕೆ. ಇಂದು ಯಂತ್ರವೇ ಒಬ್ಬ ಮುನಿಗಳ ಧ್ವನಿಯನ್ನು ಅನುಕರಿಸಿ, ಅವರು ಆಡದ ಮಾತನ್ನು ಆಡಿಸಬಲ್ಲದು. ಚಾದರವನ್ನು ಮುಟ್ಟಿ ನೋಡಿ ಗುರುತಿಸಬಹುದು, ಧ್ವನಿಯನ್ನು ಹೇಗೆ ಮುಟ್ಟುವುದು?

ಇಷ್ಟೆಲ್ಲ ಹೇಳಿದ ಮೇಲೆ ಯಂತ್ರವನ್ನೇ ದೂರುವುದು ನ್ಯಾಯವಲ್ಲ. ಪ್ರತಿ ಮಾಡುವುದು ಜೈನ ಸಮಾಜದಲ್ಲಿ ಅತ್ಯಂತ ಹಳೆಯ ಪುಣ್ಯಕಾರ್ಯಗಳಲ್ಲೊಂದು. ಹತ್ತನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ಕನ್ನಡಿಗರು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದಾರೆ. ಮರಾಠಿ, ಗುಜರಾತಿ, ಹಿಂದಿ ಮನೆಗಳ ಮಕ್ಕಳಿಗೂ ಆಕೆಯ ಹೆಸರು ತಿಳಿಯಬೇಕು. ಸಾವಿರ ಲಿಪಿಕಾರರ ಕೆಲಸವನ್ನು ಇಂದು ಒಂದು ಬೆರಳು ಮಾಡುತ್ತದೆ. ಅತ್ತಿಮಬ್ಬೆಯ ಪ್ರತಿಗಳೂ ಗಜಪತಿ ಶಾಸ್ತ್ರಿಗಳ ಪ್ರತಿಯೂ ಒಂದೇ ಬಗೆಯ ಗರಿ ಕಾಗದಗಳ ಕೆಲಸ. ಒಂದನ್ನು ಕೊಡಲು ಮಾಡಿಸಲಾಯಿತು, ಇನ್ನೊಂದನ್ನು ಬಚ್ಚಿಡಲು.

ಸೊಲ್ಲಾಪುರದಲ್ಲಿ ಕೊಡುವುದರ ಇನ್ನೊಂದು ನಿದರ್ಶನವೂ ಇದೆ. ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರು ತಾವು ನ್ಯಾಯವಾಗಿ ಗಳಿಸಿದ ಸಂಪತ್ತನ್ನು ಹೇಗೆ ವಿನಿಯೋಗಿಸಬೇಕೆಂದು 1940ರಿಂದ ದೇಶವೆಲ್ಲ ಸುತ್ತಿ ವಿದ್ವಾಂಸರ ಅಭಿಪ್ರಾಯಗಳನ್ನು ಕೂಡಿಸಿದರು. 1941ರಲ್ಲಿ ಗಜಪಂಥಾ ಕ್ಷೇತ್ರದಲ್ಲಿ ವಿದ್ವಾಂಸರ ಸಭೆ ಸೇರಿಸಿ ಜೈನ ಸಂಸ್ಕೃತಿ ಸಂರಕ್ಷಕ ಸಂಘವನ್ನು ಸ್ಥಾಪಿಸಿ 30,000 ರೂಪಾಯಿ ಕೊಟ್ಟರು. 1944ರಲ್ಲಿ ಸುಮಾರು ಎರಡು ಲಕ್ಷ ರೂಪಾಯಿಯ ತಮ್ಮ ಸಮಸ್ತ ಆಸ್ತಿಯನ್ನು ಸಂಘಕ್ಕೆ ಒಪ್ಪಿಸಿದರು. ಜೀವರಾಜ ಜೈನ ಗ್ರಂಥಮಾಲೆಯ ಪುಸ್ತಕಗಳು ಹೊರಬಂದದ್ದು ಆ ಹಣದಿಂದ. ಅಮರಾವತಿಯಲ್ಲಿ ಮೊದಲು ಅಚ್ಚಾಗಿದ್ದ ಧವಲಾದ ಮೊದಲ ಸಂಪುಟದ ಪರಿಷ್ಕೃತ ಆವೃತ್ತಿ 1973ರಲ್ಲಿ ಪ್ರಕಟವಾದದ್ದೂ ಇದೇ ಸಂಘದಿಂದ. ಹಿರಾಚಂದರು ಯಾವ ಗ್ರಂಥದ ಗುಟ್ಟಿನ ಪ್ರತಿಯನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲವೋ ಅದೇ ಗ್ರಂಥ, ತಾಳೆಗರಿಗಳ ಒಡೆಯರು ಒಪ್ಪಿ ಹೋಲಿಸಿಕೊಟ್ಟ ಪಾಠದ ಬಲದಿಂದ, ಹಿರಾಚಂದರ ಊರಿನ ಹೆಸರನ್ನೇ ಮುಖಪುಟದಲ್ಲಿ ಹೊತ್ತು ಹೊರಬಂದಿತು.

ಈ ಭಾಗದ ಬಸದಿಗಳ, ಮನೆಗಳ ಕಪಾಟುಗಳಲ್ಲಿ ಕನ್ನಡ, ಮರಾಠಿ, ಗುಜರಾತಿಗಳ ಹಸ್ತಪ್ರತಿಗಳು, ವ್ರತಕಥೆಯ ಪುಸ್ತಕಗಳು, ಅಜ್ಜಿಯರು ಬರೆದಿಟ್ಟ ಹಾಡಿನ ವಹಿಗಳು ಇಂದಿಗೂ ಇರಬಹುದು. ಅವುಗಳ ಚಿತ್ರ ತೆಗೆದು ಜಾಲದಲ್ಲಿಡಲು ದೊಡ್ಡ ಯಂತ್ರಾಗಾರ ಬೇಕಾಗಿಲ್ಲ. ಬೇಕಾದದ್ದು ಒಡೆತನವಿರುವ ಮನೆತನ ಅಥವಾ ವಿಶ್ವಸ್ತರು ಕುಳಿತು, ಇದನ್ನು ಎಲ್ಲರಿಗೂ ಬಿಟ್ಟಿದ್ದೇವೆ, ಇದನ್ನು ಓದುವುದಕ್ಕೆ ಮಾತ್ರ, ಇದನ್ನು ಮನೆಯವರಿಗೆ ಮಾತ್ರ ಎಂದು ನಿರ್ಧರಿಸುವ ಒಂದು ಸಂಜೆ. ಹಿಂದಿನ ಲಿಪಿಕಾರರು ಪ್ರತಿಯ ಕೊನೆಯ ಪುಟದಲ್ಲಿ ಯಾರು ಬರೆಸಿದರು, ಯಾವ ಊರಿನಲ್ಲಿ, ಯಾವ ತಿಥಿಯಂದು, ಯಾರಿಗೆ ಓದಲೆಂದು ಕೊಟ್ಟರು ಎಂದು ಪ್ರಶಸ್ತಿ ಬರೆಯುತ್ತಿದ್ದರು. ಇಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಪಿಡಿಎಫ್‌ಗಳಲ್ಲಿ ಹೆಚ್ಚಿನವುಗಳಿಗೆ ಆ ಪುಟವಿಲ್ಲ.